ಹೊರಗೆ ಬಂದು ಅವಳು ಎಲ್ಲಿಗೆ ಹೋಗಬೇಕು?

"ಅಷ್ಟು ವರ್ಷ ಹೊಡೆತ ತಿಂದುಕೊಂಡು ಯಾಕೆ ಇದ್ದಳು? ಬಿಟ್ಟು ಬರಬಹುದಿತ್ತಲ್ಲ?"

ಗಂಡನ ಮನೆಯಲ್ಲಿ ಹೆಣ್ಣುಮಗಳು ಸತ್ತ ಸುದ್ದಿ ಬಂದಾಗಲೆಲ್ಲ ಅದರ ಕೆಳಗೆ ಈ ಮಾತು ಇದ್ದೇ ಇರುತ್ತದೆ. ಬರೆಯುವವರು ಕೆಟ್ಟವರಲ್ಲ. ಸಂಕಟಪಟ್ಟೇ ಬರೆಯುತ್ತಾರೆ. ನಾನು ಅವರನ್ನು ಕೇಳುವುದು ಇಷ್ಟೇ. ಬಿಟ್ಟು ಬರುವುದು ಎಲ್ಲಿಗೆ? ರಾತ್ರಿ ಹತ್ತೂವರೆ, ಸೊಂಟದ ಮೇಲೊಂದು ಮಗು, ಕೈ ಹಿಡಿದುಕೊಂಡು ಇನ್ನೊಂದು, ಫೋನನ್ನು ಗಂಡ ಕಿತ್ತುಕೊಂಡಿದ್ದಾನೆ. ಈಗ ಹೇಳಿ, ಅವಳು ಯಾವ ಕಡೆ ನಡೆಯಬೇಕು?

ತವರಿಗೆ ಅಂತೀರಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುವ ಗಾದೆ ಈಗಲೂ ಎಷ್ಟೋ ಮನೆಗಳಲ್ಲಿ ಜೀವಂತವಾಗಿದೆ. ಅಪ್ಪ ಅಮ್ಮ ಒಂದು ವಾರ ಇಟ್ಟುಕೊಳ್ಳುತ್ತಾರೆ. ಆಮೇಲೆ ಅಣ್ಣನ ಹೆಂಡತಿಯ ಮುಖ, ತಂಗಿಯ ಮದುವೆಯ ಮಾತು, ಬೀದಿಯವರ ಪ್ರಶ್ನೆ. ನಾಲ್ಕು ಜನ ಹಿರಿಯರು ಕೂತು ರಾಜಿ ಮಾಡಿ, ಇನ್ನು ಮುಟ್ಟಲ್ಲ ಅಂತ ಅವನಿಂದ ಮಾತು ತೆಗೆದುಕೊಂಡು, ಮತ್ತೆ ಅದೇ ಮನೆಗೆ ಕಳಿಸುತ್ತಾರೆ. ಸ್ಟೇಷನ್‌ಗೆ ಹೋದರೂ ಎಷ್ಟೋ ಸಲ ಇಷ್ಟೇ ಆಗುತ್ತದೆ. "ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು."

ನಮ್ಮ ಊರಿನಲ್ಲಿ ಇಂಥ ಹೆಂಗಸರಿಗೆ, ಅವರ ಮಕ್ಕಳಿಗೆ ಒಂದು ಆಶ್ರಯ ಮನೆ ಇದೆ. ಊರಿನವರೇ ಕೆಲವರು ಸೇರಿ ನಡೆಸುತ್ತಾರೆ. ನಾನು ಅದರ ಲೆಕ್ಕ ಬರೆದುಕೊಡುತ್ತೇನೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ನನಗೆ ಬರುವುದು ಅದೊಂದೇ. ಊರಿನ ಹೆಸರು, ಮನೆಯ ಹೆಸರು ಬೇಕು ಅಂತಲೇ ಬರೆಯುತ್ತಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಅಂಕಿ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವರ್ಷದ ಮದುವೆಯಾದ ಹೆಂಗಸರನ್ನು ಗಂಡನ ಹಿಂಸೆಯ ಬಗ್ಗೆ ಕೇಳಿದ್ದರು. ಕರ್ನಾಟಕದಲ್ಲಿ ಹೌದು ಅಂದವರು ಶೇಕಡಾ 44ಕ್ಕೂ ಜಾಸ್ತಿ. ದೇಶದ ಸರಾಸರಿ ಶೇಕಡಾ 29ರ ಆಸುಪಾಸು. ರಾಜ್ಯಗಳಲ್ಲಿ ನಮ್ಮದೇ ಮೊದಲು. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇಕಡಾ 21ರ ಹತ್ತಿರ ಇತ್ತು. ಅಷ್ಟು ಏರಿದ್ದು ಹಿಂಸೆಯೋ, ಬಾಯಿ ಬಿಟ್ಟು ಹೇಳುವ ಧೈರ್ಯವೋ ಅಂತ ವಾದ ಮಾಡಬಹುದು. ಏನೇ ಆಗಲಿ, ನಮ್ಮ ಬೀದಿಯಲ್ಲಿ ಇಂಥದ್ದೆಲ್ಲ ಇಲ್ಲ ಅನ್ನುವ ಮಾತನ್ನು ಇನ್ನು ಯಾರೂ ಆಡುವ ಹಾಗಿಲ್ಲ. ದೇಶದಾದ್ಯಂತ ಹಿಂಸೆ ಅನುಭವಿಸಿದವರಲ್ಲಿ ಯಾರದಾದರೂ ಸಹಾಯ ಕೇಳಿದವರು ನೂರಕ್ಕೆ ಬರೀ 14 ಮಂದಿ.

ನನ್ನ ವಯಸ್ಸಿನವರಿಗೆ ನೆನಪಿರಬಹುದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಪೇಪರುಗಳಲ್ಲಿ "ಸ್ಟವ್ ಸಿಡಿದು ಗೃಹಿಣಿ ಸಾವು" ಅನ್ನುವ ಸಣ್ಣ ಸುದ್ದಿ ಪದೇ ಪದೇ ಬರುತ್ತಿತ್ತು. 1979ರಲ್ಲಿ ಶುರುವಾದ ವಿಮೋಚನಾ ಅನ್ನುವ ಮಹಿಳಾ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಆ ಹೆಂಗಸರ ಪಕ್ಕ ಕೂತು ಮಾತಾಡಿಸಿ, ಇವೆಲ್ಲ ಅಪಘಾತಗಳಲ್ಲ ಅಂತ ಬರೆದಿಡದೇ ಹೋಗಿದ್ದರೆ ಆ ಸಾವುಗಳು ಸ್ಟವ್ವಿನ ಲೆಕ್ಕಕ್ಕೇ ಹೋಗಿಬಿಡುತ್ತಿದ್ದವು. ಅವರಲ್ಲಿ ಎಷ್ಟು ಜನಕ್ಕೆ ಆ ರಾತ್ರಿಗೆ ಮೊದಲೇ ಒಂದು ಬಾಗಿಲು ಗೊತ್ತಿದ್ದಿದ್ದರೆ ಬದುಕುತ್ತಿದ್ದರೋ ಅಂತ ನನಗೆ ಈಗಲೂ ಅನಿಸುತ್ತದೆ.

ಕಾನೂನು ಇಲ್ಲವಾ? ಇದೆ, ಒಳ್ಳೆಯದೇ ಇದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೊಂದ ಹೆಂಗಸು ಕೇಳಿದರೆ ಈ ಕಾಯ್ದೆಗಾಗಿ ಸರ್ಕಾರ ಅಧಿಸೂಚಿಸಿದ ಆಶ್ರಯ ಮನೆಯವರು ಜಾಗ ಕೊಡಲೇಬೇಕು. ಕಂಪ್ಲೇಂಟ್ ಕೊಟ್ಟಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಗಂಡನ ಮನೆಯಲ್ಲೇ ಇರುವ ಹಕ್ಕೂ ಅವಳಿಗಿದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಆ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿಯನ್ನು 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಅಂತಲೂ ಕಾಯ್ದೆಯಲ್ಲಿದೆ. ಕೋರ್ಟಿಗೆ ಓಡಾಡಿದವರಿಗೆ ಗೊತ್ತು, ನೋಟಿಸ್ ಜಾರಿಯಾಗುವ ಹೊತ್ತಿಗೇ ಎಷ್ಟೋ ಸಲ ಅಷ್ಟು ದಿನ ಹೋಗಿರುತ್ತದೆ.

ಸರ್ಕಾರದ ಸಖಿ ಕೇಂದ್ರಗಳು ಜಿಲ್ಲೆಗಳಲ್ಲಿವೆ. 2015ರಲ್ಲಿ ನಿರ್ಭಯಾ ನಿಧಿಯ ದುಡ್ಡಿನಲ್ಲಿ ಶುರುವಾದವು. ಆಸ್ಪತ್ರೆ, ಪೊಲೀಸು, ವಕೀಲರು, ಆಪ್ತ ಸಮಾಲೋಚನೆ ಎಲ್ಲಕ್ಕೂ ಒಂದೇ ಕಡೆ ದಾರಿ ಸಿಗಲಿ ಅಂತ. ಒಳ್ಳೆಯ ಯೋಚನೆ. ಆದರೆ ಆ ಯೋಜನೆ ಶುರುವಾದಾಗ ಅಲ್ಲಿ ತಂಗುವುದಕ್ಕೆ ಇಟ್ಟ ಮಿತಿ ಐದು ದಿನ. ಹತ್ತು ವರ್ಷದ ಸಂಸಾರ ಬಿಟ್ಟು ಬಂದವಳು ಐದು ದಿನದಲ್ಲಿ ಏನು ತೀರ್ಮಾನ ಮಾಡಬಲ್ಲಳು? ಮೊದಲ ಎರಡು ದಿನ ಅವಳು ಸರಿಯಾಗಿ ನಿದ್ದೆಯನ್ನೇ ಮಾಡಿರುವುದಿಲ್ಲ.

ಸುಮ್ನೆ ನಾಲ್ಕು ಗೋಡೆ, ಎರಡು ಹೊತ್ತು ಊಟ ಕೊಟ್ಟರೆ ಆಯಿತು ಅಂದುಕೊಂಡಿರುತ್ತೇವೆ. ಬಂದವಳ ಕೈಯಲ್ಲಿ ಏನಿರುವುದಿಲ್ಲ ಅಂತ ನೋಡಿದರೆ ಕೆಲಸ ಎಷ್ಟಿದೆ ಅಂತ ಗೊತ್ತಾಗುತ್ತದೆ. ಆಧಾರ್ ಗಂಡನ ಬೀರುವಿನಲ್ಲಿ. ಪಾಸ್‌ಬುಕ್ ಅಲ್ಲೇ. ಮಕ್ಕಳ ಜಾತಿ ಸರ್ಟಿಫಿಕೇಟ್ ಅಲ್ಲೇ. ರೇಷನ್ ಕಾರ್ಡಿನಲ್ಲಿ ಹೆಸರು ಗಂಡನ ಮನೆಯದ್ದು, ಯಜಮಾನಿ ಅತ್ತೆ. ಹಾಗಾಗಿ ಗೃಹಲಕ್ಷ್ಮಿಯ ಎರಡು ಸಾವಿರವೂ ಅತ್ತೆಯ ಖಾತೆಗೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ ಆಗಿದ್ದು ಇಂಥವರಿಗೆ ಎಷ್ಟು ದೊಡ್ಡ ಉಪಕಾರ ಅಂತ ಆ ಯೋಜನೆಯನ್ನು ಬೈಯುವವರಿಗೆ ಗೊತ್ತಿಲ್ಲ. ಕೈಯಲ್ಲಿ ಕಾಸಿಲ್ಲದೆ ಊರು ಬಿಟ್ಟು ಬರಬಹುದು. ಆದರೆ ಅದಕ್ಕೂ ಗುರುತಿನ ಚೀಟಿ ತೋರಿಸಬೇಕು, ಚೀಟಿ ಮನೆಯಲ್ಲಿದೆ. ಮನಸ್ಸಿರುವ ಕಂಡಕ್ಟರುಗಳು ಎಷ್ಟೋ ಸಲ ಏನೂ ಕೇಳದೆ ಕೂರಿಸಿಕೊಂಡು ಬಂದಿದ್ದಾರೆ. ಅವರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಮಕ್ಕಳ ಶಾಲೆ ಇನ್ನೊಂದು ಕಥೆ. ಟಿಸಿ ತಂದುಕೊಡಿ ಅಂತಾರೆ. ಟಿಸಿ ಕೇಳಲು ಹಳೆಯ ಶಾಲೆಗೆ ಹೋದರೆ ಮಕ್ಕಳು ಈಗ ಎಲ್ಲಿದ್ದಾರೆ ಅಂತ ಸಂಜೆಯೊಳಗೆ ಅಪ್ಪನಿಗೆ ಗೊತ್ತಾಗುತ್ತದೆ. ಶಿಕ್ಷಕ ಮಿತ್ರರು ಇದನ್ನು ಓದುತ್ತಿದ್ದರೆ ದಯವಿಟ್ಟು ನೆನಪಿಡಿ. ಟಿಸಿ ತಡವಾಯಿತು ಅಂತ ಮಗುವಿಗೆ ಪ್ರವೇಶ ನಿಲ್ಲಿಸುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿಲ್ಲಿಸುವ ಹಾಗಿಲ್ಲ. ನೀವು ಆ ಮಗುವನ್ನು ಒಳಗೆ ಕೂರಿಸಿಕೊಂಡರೆ ಅದರ ಅಮ್ಮನಿಗೆ ಹಗಲು ಕೆಲಸಕ್ಕೆ ಹೋಗಲು ಆಗುತ್ತದೆ.

ಈಗ ನಾನು ಇದನ್ನೆಲ್ಲ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಗಂಡುಮಕ್ಕಳ ವಿಷಯ.

ಸ್ವಾಧಾರ ಗೃಹ ಅನ್ನುವ ಸರ್ಕಾರಿ ಯೋಜನೆಯ ಆಶ್ರಯ ಮನೆಗಳ ನಿಯಮದಲ್ಲಿ ಹೆಣ್ಣುಮಗುವಾದರೆ 18 ವರ್ಷದವರೆಗೆ ತಾಯಿಯ ಜೊತೆ ಇರಬಹುದಿತ್ತು. ಗಂಡುಮಗುವಾದರೆ 8 ವರ್ಷದವರೆಗೆ. 2022ರಲ್ಲಿ ಆ ಯೋಜನೆ ಶಕ್ತಿ ಸದನ ಅನ್ನುವ ಹೊಸ ಹೆಸರಿನ ಕೆಳಗೆ ಬಂತು. ಖಾಸಗಿಯವರು ನಡೆಸುವ ಕಡೆಗಳಲ್ಲೂ ಸುಮಾರಾಗಿ ಇದೇ ಪದ್ಧತಿ. ಹೈಸ್ಕೂಲು ಹುಡುಗನಿಗೆ ತಾಯಿಯ ಜೊತೆ ಜಾಗ ಸಿಗುವುದಿಲ್ಲ. ಕಾರಣ ಅರ್ಥವಾಗುತ್ತದೆ. ಗಂಡಸರಿಂದ ಪೆಟ್ಟು ತಿಂದು ಬಂದ ಹೆಂಗಸರು, ಹರೆಯದ ಹುಡುಗಿಯರು ಒಂದೇ ಹಾಲಿನಲ್ಲಿ ಮಲಗುತ್ತಾರೆ. ಬಚ್ಚಲು ಒಂದೋ ಎರಡೋ. ನಿಯಮ ಮಾಡಿದವರನ್ನು ನಾನು ದೂರುವುದಿಲ್ಲ. ಆದರೆ ಆ ನಿಯಮದ ಈಚೆ ಬದಿಯಲ್ಲಿ ನಿಂತ ತಾಯಿಯನ್ನು ನಾನು ನೋಡಿದ್ದೇನೆ.

ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ಆಕೆಗೆ ಒಬ್ಬ ಮಗ, ಒಬ್ಬಳು ಮಗಳು. ಮಗ ಎಂಟನೇ ಕ್ಲಾಸು. ಆ ರಾತ್ರಿ ಅಪ್ಪ ಅಮ್ಮನ ನಡುವೆ ಅಡ್ಡ ನಿಂತವನು ಅವನೇ. ತಂಗಿಯ ಬ್ಯಾಗು ಹಿಡಿದುಕೊಂಡು ಅಮ್ಮನನ್ನು ಬಸ್ಸು ಹತ್ತಿಸಿದವನೂ ಅವನೇ. ಬಾಗಿಲಲ್ಲಿ ನಿಯಮ ಹೇಳಿದಾಗ ಹುಡುಗ ಅಂದದ್ದು, "ಅಮ್ಮ, ನೀನೂ ತಂಗಿನೂ ಒಳಗಿರಿ. ನಾನು ಬಸ್ ಸ್ಟ್ಯಾಂಡಲ್ಲಿ ಮಲಗ್ತೀನಿ." ವಾರ್ಡನ್ ಅವನನ್ನು ಆಫೀಸು ಕೋಣೆಯಲ್ಲಿ ಮಲಗಿಸಿದರು. ಬೆಳಿಗ್ಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದುಕೊಂಡು ಹೋಗಿ ಬಾಲಮಂದಿರಕ್ಕೆ ಸೇರಿಸುವ ಮಾತು ಬಂತು. ತಾಯಿ ಒಪ್ಪಿದಳು. ಎರಡು ವಾರ ತಡೆದಳು. ತನ್ನನ್ನು ಕಾಪಾಡಿದ ಮಗನನ್ನೇ ದೂರ ಮಾಡಿದೆ ಅನ್ನುವುದು ಅವಳಿಗೆ ಸಹಿಸಲಾಗಲಿಲ್ಲ. ಇಬ್ಬರನ್ನೂ ಕರೆದುಕೊಂಡು ಗಂಡನ ಮನೆಗೇ ವಾಪಸ್ ಹೋದಳು. ಆಗಾಗ ವಾರ್ಡನ್‌ಗೆ ಮಿಸ್ಡ್ ಕಾಲ್ ಕೊಡುತ್ತಾಳೆ. ಇದ್ದೀನಿ ಅಂತ ತಿಳಿಸುವುದಕ್ಕೆ.

ಅವಳು ಯಾಕೆ ಬಿಟ್ಟು ಬರಲಿಲ್ಲ ಅಂತ ಇನ್ನು ಯಾರೂ ನನ್ನನ್ನು ಕೇಳಬೇಡಿ. ಅವಳು ಬಂದಿದ್ದಳು.

ಅದಾದ ಮೇಲೆ ನಮ್ಮವರು ಹತ್ತಿರದಲ್ಲೇ ಎರಡು ಕೋಣೆಯ ಒಂದು ಮನೆ ಬಾಡಿಗೆಗೆ ಹಿಡಿದರು. ದೊಡ್ಡ ಗಂಡುಮಕ್ಕಳಿರುವ ತಾಯಂದಿರಿಗಾಗಿ. ಊಟ, ವಕೀಲರು, ಸಮಾಲೋಚನೆ ಎಲ್ಲ ಆಶ್ರಯ ಮನೆಯಿಂದ. ಮಲಗುವುದು ಮಾತ್ರ ಅಲ್ಲಿ, ತಾಯಿ ಮಕ್ಕಳು ಒಟ್ಟಿಗೆ. ಇಷ್ಟು ಸರಳ. ಸರ್ಕಾರದ ಯೋಜನೆಗೆ ಕಲಂ ಇರುತ್ತದೆ, ಅದರಾಚೆ ಒಂದು ರೂಪಾಯಿ ಖರ್ಚು ಮಾಡಲು ಆಗುವುದಿಲ್ಲ. ಊರಿನವರ ದುಡ್ಡಿಗೆ ಆ ಕಟ್ಟು ಇಲ್ಲ. ಊರಿನವರೇ ನಡೆಸುವ ಆಶ್ರಯ ಮನೆ ಯಾಕೆ ಬೇಕು ಅಂದರೆ ನನ್ನ ಉತ್ತರ ಇದೇ. ಯೋಜನೆ ಎಲ್ಲಿ ಕೈಬಿಡುತ್ತದೋ ಅಲ್ಲಿ ಹಿಡಿಯಲು ಯಾರಾದರೂ ಇರಬೇಕು.

ಆದರೆ ಊರಿನವರ ದುಡ್ಡು ಬರುವ ರೀತಿ ನೋಡಿ ನನಗೆ ಬೇಸರವಾಗುತ್ತದೆ. ಹುಟ್ಟುಹಬ್ಬಕ್ಕೆ ಒಂದು ಹೊತ್ತಿನ ಊಟ ಕೊಡುತ್ತೇವೆ ಅನ್ನುವವರು ತುಂಬ ಜನ. ಕೆಲವು ದಿನ ಪಾಯಸ ಎರಡೆರಡು ಕಡೆಯಿಂದ ಬರುತ್ತದೆ. ಹಳೆ ಸೀರೆಗಳಂತೂ ಇಡಲು ಜಾಗ ಇಲ್ಲ. ಆದರೆ ರಾತ್ರಿ ವಾರ್ಡನ್ ಸಂಬಳಕ್ಕೆ ಕೊಡಿ ಅಂದರೆ ಮುಖ ಸಪ್ಪಗಾಗುತ್ತದೆ. ಕುಡಿದು ಬಂದು ಗೇಟು ಬಡಿಯುವ ಗಂಡನನ್ನು ಮಧ್ಯರಾತ್ರಿ ಎದುರಿಸುವವರು ಆ ವಾರ್ಡನ್. ಬಾಡಿಗೆ, ಕರೆಂಟ್ ಬಿಲ್ಲು, ಕೋರ್ಟಿನ ದಿನ ಆಟೋ ಖರ್ಚು, ನೋಟರಿ, ಜೆರಾಕ್ಸು, ಪ್ಯಾಡುಗಳು, ಒಂದು ಹೊಸ ಸಿಮ್, ಶಾಲೆಯ ಶೂ. ನನ್ನ ವೋಚರುಗಳಲ್ಲಿ ಇರುವುದು ಇವೇ. ಇವುಗಳ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ.

ಫೋಟೋ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಊಟ ಕೊಟ್ಟವರೊಬ್ಬರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಇದೇ ಫೇಸ್‌ಬುಕ್‌ಗೆ ಹಾಕಿದರು. ಹಿಂದೆ ಗೇಟು, ಪಕ್ಕದ ಅಂಗಡಿಯ ಬೋರ್ಡು ಎಲ್ಲ ಕಾಣುತ್ತಿತ್ತು. ಮೂರನೇ ದಿನ ಒಬ್ಬ ಗಂಡ ಬಂದು ಬಾಗಿಲಲ್ಲಿ ನಿಂತ. ಆ ತಾಯಿ ಮಗುವನ್ನು ಅದೇ ಸಂಜೆ ಬೇರೆ ಜಿಲ್ಲೆಗೆ ಕಳಿಸಬೇಕಾಯಿತು. ಆಶ್ರಯ ಪಡೆದವಳು ಬೇಡ ಅಂದರೆ ಅವಳ ಗುರುತನ್ನು ಹೊರಗೆ ಬಿಡುವ ಹಾಗಿಲ್ಲ ಅಂತ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳಲ್ಲಿಯೇ ಇದೆ. ಊಟ ಹಾಕಿದ್ದಕ್ಕೆ ಬದಲಾಗಿ ಆ ಮಕ್ಕಳ ಮುಖ ಕೇಳುವುದು ತಪ್ಪು. ಅವರಿಂದ ಹಾಡು ಹೇಳಿಸುವುದು, ಡ್ಯಾನ್ಸ್ ಮಾಡಿಸುವುದೂ ತಪ್ಪು. ನಾನು ಊರಿನ ಹೆಸರು ಬರೆಯದೇ ಇರುವುದಕ್ಕೂ ಕಾರಣ ಇದೇ.

ಇಂಥ ಮನೆಗಳು ಸಂಸಾರ ಒಡೆಯುತ್ತವೆ ಅನ್ನುವ ಮಾತು ನಮ್ಮ ಬಂಧುಗಳಲ್ಲೇ ಕೇಳಿದ್ದೇನೆ. ಅಲ್ಲಿಗೆ ಬಂದವರಲ್ಲಿ ಎಷ್ಟೋ ಜನ ವಾಪಸ್ ಹೋಗುತ್ತಾರೆ. ಯಾರೂ ತಡೆಯುವುದಿಲ್ಲ. ಹೋಗುವಾಗ ಅವರ ಹೆಸರಿನಲ್ಲಿ ಒಂದು ಜನಧನ್ ಖಾತೆ ಇರುತ್ತದೆ, ದಾಖಲೆಗಳ ಒಂದು ಪ್ರತಿ ಆಶ್ರಯ ಮನೆಯ ಕಪಾಟಿನಲ್ಲಿರುತ್ತದೆ, ಒಂದು ನಂಬರು ಬಾಯಿಪಾಠ ಆಗಿರುತ್ತದೆ. ಇವಳಿಗೆ ಹೋಗಲು ಬೇರೆ ಜಾಗ ಇದೆ ಅಂತ ಗೊತ್ತಾದ ಮೇಲೆ ಕೈ ಎತ್ತುವುದನ್ನು ನಿಲ್ಲಿಸಿದ ಗಂಡಂದಿರೂ ಇದ್ದಾರೆ. ನಿಲ್ಲಿಸದವರೂ ಇದ್ದಾರೆ. ಅಂಥವರ ಹೆಂಡತಿ ಎರಡನೇ ಸಲ ಬಂದಾಗ "ನೀನೇ ಹೋದೆಯಲ್ಲ" ಅಂತ ಅನ್ನದೆ ಬಾಗಿಲು ತೆಗೆಯುವವರು ಬೇಕು. ಆ ಕೆಲಸವನ್ನು ನಮ್ಮ ವಾರ್ಡನ್ ಮಾಡುವ ಹಾಗೆ ಮಾಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ತೊಂದರೆಯಲ್ಲಿರುವವರು ಇದನ್ನು ಓದುತ್ತಿದ್ದರೆ: ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098. ವಕೀಲರಿಗೆ ದುಡ್ಡು ಬೇಕಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಅದರ ನಂಬರು 15100. ಆಧಾರ್, ಪಾಸ್‌ಬುಕ್, ಮಕ್ಕಳ ಸರ್ಟಿಫಿಕೇಟುಗಳ ಒಂದೊಂದು ಪ್ರತಿಯನ್ನು ನಂಬುವ ಒಬ್ಬರ ಹತ್ತಿರ ಇವತ್ತೇ ಕೊಟ್ಟಿಡಿ. ಈ ಪೋಸ್ಟಿಗೆ ಲೈಕ್ ಒತ್ತಬೇಡಿ, ಕಾಮೆಂಟ್ ಹಾಕಬೇಡಿ. ನಿಮ್ಮ ಫೋನನ್ನು ಬೇರೆಯವರೂ ನೋಡುತ್ತಿರಬಹುದು.

ಉಳಿದವರಲ್ಲಿ ಎರಡು ಮಾತು. ನಿಮ್ಮ ಊರಿನಲ್ಲೂ ಇಂಥ ಒಂದು ಮನೆ ಇರುತ್ತದೆ, ಇಲ್ಲವಾದರೆ ಪಕ್ಕದ ಜಿಲ್ಲೆಯಲ್ಲಿ ಇರುತ್ತದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ವರ್ಷಕ್ಕೊಮ್ಮೆ ಹೋಳಿಗೆ ಊಟ ಕೊಡುವ ಬದಲು ಪ್ರತಿ ತಿಂಗಳು ಒಂದಿಷ್ಟು ಕಳಿಸಿ. ಇನ್ನೂರಾಗಲಿ, ಐನೂರಾಗಲಿ, ಯಾವುದಕ್ಕೆ ಬೇಕೋ ಅದಕ್ಕೆ ಬಳಸಿಕೊಳ್ಳಿ ಅಂತ ಹೇಳಿ ಕಳಿಸಿ. ರಸೀದಿ ಕೇಳಿ, ವರ್ಷದ ಲೆಕ್ಕ ಕೇಳಿ, ಅದು ನಿಮ್ಮ ಹಕ್ಕು. ಬರುವ ತಿಂಗಳು ಇಷ್ಟು ಬಂದೇ ಬರುತ್ತದೆ ಅಂತ ಗೊತ್ತಿದ್ದರೆ ವಾರ್ಡನ್‌ಗೆ ಸಂಬಳ ಬಾಕಿ ಇಡಬೇಕಾಗುವುದಿಲ್ಲ.

ಎರಡನೆಯದು ನನ್ನನ್ನು ಹತ್ತಿರದಿಂದ ಬಲ್ಲ ನಮ್ಮ ಊರಿನವರಿಗೆ. ದೊಡ್ಡ ಗಂಡುಮಕ್ಕಳಿರುವ ತಾಯಂದಿರ ಆ ಮನೆ ಈಗ ತುಂಬಿದೆ. ಅಂಥದ್ದೇ ಇನ್ನೊಂದು ಬೇಕು. ಎರಡು ಕೋಣೆ, ಒಳಗೇ ಬಚ್ಚಲು, ಹೈಸ್ಕೂಲು ನಡೆದು ಹೋಗುವಷ್ಟು ಹತ್ತಿರ. ಬಾಡಿಗೆ ಕರಾರು ಆಶ್ರಯ ಮನೆಯ ಟ್ರಸ್ಟಿನ ಹೆಸರಿನಲ್ಲಿ, ಅಡ್ವಾನ್ಸ್ ಕೊಡುತ್ತೇವೆ, ಬಾಡಿಗೆ ತಿಂಗಳ ಐದನೇ ತಾರೀಖಿನೊಳಗೆ ಕೊಡುತ್ತೇವೆ. ಆ ಹೆಂಗಸರನ್ನು ಯಜಮಾನರು ಎಲ್ಲಿ ಅಂತ ಕೇಳದ ಮನೆಯವರು ಯಾರಾದರೂ ಇದ್ದರೆ ನನಗೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಕಾಮೆಂಟಿನಲ್ಲಿ ಬೇಡ.