ಮಲ್ಪೆಯ ಎರಡು ಉಬ್ಬರ, ಗೆಲಿಲಿಯೊನ ಒಂದು

ಮಲ್ಪೆಯ ದಕ್ಕೆಯಲ್ಲಿ ಬಲೆ ಸರಿಮಾಡುತ್ತ ಕೂತವರನ್ನು ಕೇಳಿ ನೋಡಿ, ದಿನಕ್ಕೆ ಎಷ್ಟು ಉಬ್ಬರ ಎಂದು. ಎರಡು ಎನ್ನುತ್ತಾರೆ. ಎರಡೂ ಒಂದೇ ಎತ್ತರಕ್ಕೆ ಬರುವುದಿಲ್ಲ, ನಾಳೆ ಇದೇ ಉಬ್ಬರ ಮುಕ್ಕಾಲು ಗಂಟೆ ಚಿಲ್ಲರೆ ತಡ ಎಂದೂ ಸೇರಿಸುತ್ತಾರೆ. ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರ ದಿನಚರಿಯೇ ಆ ಐವತ್ತು ನಿಮಿಷದ ಲೆಕ್ಕದಲ್ಲಿ ನಡೆಯುತ್ತದೆ. ಆದರೆ ಆಧುನಿಕ ವಿಜ್ಞಾನದ ಪಿತಾಮಹ ಎಂದು ನಾವು ಶಾಲೆಯಲ್ಲಿ ಉರು ಹೊಡೆದ ಗೆಲಿಲಿಯೊ, ನಾಲ್ಕು ದಿನಗಳ ಸಂವಾದದ ರೂಪದಲ್ಲಿರುವ 1632ರ ತನ್ನ ದೊಡ್ಡ ಪುಸ್ತಕದ ಕೊನೆಯ ಭಾಗದಲ್ಲಿ ಕೊಟ್ಟ ಸಿದ್ಧಾಂತದ ಪ್ರಕಾರ ದಿನಕ್ಕೆ ಬರಬೇಕಾದದ್ದು ಒಂದೇ ಉಬ್ಬರ.

ಅವನಿಗೆ ಕಡಲು ಗೊತ್ತಿರಲಿಲ್ಲ ಎಂದು ತಳ್ಳಿಹಾಕಬೇಡಿ. ವೆನಿಸ್ ಅವನಿಗೆ ಚೆನ್ನಾಗಿ ಗೊತ್ತಿದ್ದ ಊರು, ಅಲ್ಲಿ ಆರಾರು ಗಂಟೆಗೆ ನೀರು ಏರುವುದು ಇಳಿಯುವುದು ಗೊತ್ತಿತ್ತು. ಆ ಎರಡನೆಯ ಉಬ್ಬರವನ್ನು ಸಮುದ್ರದ ಉದ್ದ, ಆಳಗಳ ಮೇಲೆ ಹೇರಿ ಮುಂದೆ ನಡೆದ. ಮಲ್ಪೆಯಲ್ಲೇ ಹುಟ್ಟಿದ್ದರೂ ಅಷ್ಟನ್ನೇ ಮಾಡುತ್ತಿದ್ದ ಅಂತ ನನ್ನ ಗುಮಾನಿ.

ಇದನ್ನು ಬರೆಯಲು ಕಾರಣ, ಫೇಸ್‌ಬುಕ್ಕಿನಲ್ಲಿ ಆಗಾಗ ಎದ್ದು ಮಲಗುವ ಒಂದು ಜಗಳ. ಒಂದು ಪಂಗಡಕ್ಕೆ ತತ್ವಶಾಸ್ತ್ರವೆಂದರೆ ಉಂಡು ಕೂತವರ ಪಟ್ಟಾಂಗ. ಇನ್ನೊಂದಕ್ಕೆ ವಿಜ್ಞಾನವೆಂದರೆ ನಮ್ಮ ದರ್ಶನಗಳಿಗೆ ತಡವಾಗಿ ಸಿಗುತ್ತಿರುವ ಸರ್ಟಿಫಿಕೇಟು. ಲೆಕ್ಕ ಶುರುವಾಗುವ ಮೊದಲೇ ಯಾವುದನ್ನು ಕಾರಣ ಎಂದು ಒಪ್ಪಬಹುದು, ಯಾವುದನ್ನು ಒಪ್ಪಬಾರದು ಎಂದು ಯಾರೋ ತೀರ್ಮಾನ ಮಾಡಿರುತ್ತಾರೆ, ಆ ತೀರ್ಮಾನ ತತ್ವಶಾಸ್ತ್ರದ್ದು, ಅದು ಕೆಟ್ಟರೆ ಲೆಕ್ಕವೂ ಕೆಡುತ್ತದೆ. ಇದು ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಕಡಲಿನ ಉಬ್ಬರದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಇದು ಬೇರೆಲ್ಲೂ ಕಾಣುವುದಿಲ್ಲ.

ಗೆಲಿಲಿಯೊನ ವಾದ ಹೀಗೆ. ಭೂಮಿ ಸೂರ್ಯನ ಸುತ್ತ ಗಂಟೆಗೆ ಸುಮಾರು 1,07,000 ಕಿ.ಮೀ. ವೇಗದಲ್ಲಿ ಓಡುತ್ತದೆ. ಜೊತೆಗೆ ತನ್ನ ಸುತ್ತ ತಿರುಗುತ್ತದೆ. ನಮ್ಮ ಉಡುಪಿಯ ಅಕ್ಷಾಂಶದಲ್ಲಿ ಅದು ಗಂಟೆಗೆ ಸುಮಾರು 1,600 ಕಿ.ಮೀ. (ಈ ಅಂಕಿಗಳು ಇಂದಿನವು.) ರಾತ್ರಿಯಲ್ಲಿ ಎರಡೂ ವೇಗ ಕೂಡುತ್ತವೆ, ಹಗಲಿನಲ್ಲಿ ಒಂದರಿಂದ ಇನ್ನೊಂದು ಕಳೆಯುತ್ತದೆ. ಹಾಗಾಗಿ ಕಡಲಿನ ತಳ ದಿನಕ್ಕೊಮ್ಮೆ ವೇಗ ಹೆಚ್ಚಿಸಿ ಒಮ್ಮೆ ತಗ್ಗಿಸುತ್ತದೆ, ನೀರು ಹಿಂದೆ ಮುಂದೆ ತುಳುಕುತ್ತದೆ. ವೆನಿಸ್ಸಿಗೆ ಕುಡಿಯುವ ನೀರು ತರುವ ದೋಣಿ ತಟ್ಟನೆ ನಿಧಾನವಾದಾಗ ನೀರು ಮುಂಭಾಗದಲ್ಲಿ ಏರುವುದನ್ನು ಉದಾಹರಣೆಗೆ ಕೊಟ್ಟ. ನಮ್ಮಲ್ಲಿ ಟ್ಯಾಂಕರ್ ಬ್ರೇಕ್ ಹಾಕಿದಾಗ ಆಗುವುದೂ ಅದೇ. ತಮಾಷೆ ಎಂದರೆ, ಒಂದೇ ಸಮನೆ ಹೋಗುವ ಹಡಗಿನೊಳಗೆ ಇರುವವರಿಗೆ ಅದರ ಚಲನೆ ತಿಳಿಯದು ಎಂದು ಅದೇ ಪುಸ್ತಕದ ಎರಡನೇ ದಿನದ ಸಂವಾದದಲ್ಲಿ ಅವನೇ ಸೊಗಸಾಗಿ ತೋರಿಸಿದ್ದ. ನಾಲ್ಕನೇ ದಿನದ ಉಬ್ಬರದ ವಾದ ಎಡವುವುದು ಆ ಕಲ್ಲಿಗೇ.

ಚಂದ್ರನನ್ನೇಕೆ ಬಿಟ್ಟ? ಖಗೋಳವಿಜ್ಞಾನಿ ಕೆಪ್ಲರ್ 1609ರಲ್ಲೇ ಚಂದ್ರ ಕಡಲನ್ನು ಎಳೆಯುತ್ತಾನೆ ಎಂದು ಬರೆದಿದ್ದ. ಗೆಲಿಲಿಯೊಗೆ ಅದು ಜ್ಯೋತಿಷಿಗಳ ಮಾತಿನಂತೆ ಕೇಳಿತು. ಮುಟ್ಟದೆ, ತಳ್ಳದೆ, ಲಕ್ಷಾಂತರ ಮೈಲಿ ದೂರದಿಂದ ಪ್ರಭಾವ ಬೀರುವುದು ಎಂದರೆ ಗ್ರಹಬಲಕ್ಕೂ ಅದಕ್ಕೂ ಏನು ವ್ಯತ್ಯಾಸ? ಜಡವಸ್ತು ಇನ್ನೊಂದನ್ನು ತಾಗಿದರೆ ಮಾತ್ರ ಚಲನೆ ಎಂಬುದು ಅಂದಿನ ಹೊಸ ತತ್ವಚಿಂತನೆಯ ಮೂಲ ನಿಯಮ. ಗುಣ, ಸ್ವಭಾವ, ಆಸೆ ಎಂದೆಲ್ಲ ಹೇಳಿ ಕಲ್ಲು ಬೀಳುವುದನ್ನು ವಿವರಿಸುತ್ತಿದ್ದ ಹಳೆಯ ಪಾಠವನ್ನು ಕಿತ್ತುಹಾಕಿದ್ದು ಇಂಥ ಛಲವೇ. ಅದೇ ಇಲ್ಲಿ ಅವನ ಕಣ್ಣು ಕಟ್ಟಿತು. ಇದನ್ನು ದಡ್ಡತನ ಎನ್ನುವವರಿಗೆ ವಿಜ್ಞಾನ ನಡೆಯುವ ದಾರಿ ಗೊತ್ತಿಲ್ಲ ಎಂದೇ ನನ್ನ ಅಭಿಪ್ರಾಯ.

ಫ್ರೆಂಚ್ ತತ್ವಜ್ಞಾನಿ ದೇಕಾರ್ತ್ 1644ರಲ್ಲಿ ಅದೇ ನಿಯಮ ಹಿಡಿದು ಆಕಾಶದ ತುಂಬ ಸೂಕ್ಷ್ಮದ್ರವ್ಯದ ಸುಳಿಗಳನ್ನು ತುಂಬಿಸಿದ. ಚಂದ್ರ ಹಾದುಹೋಗುವಾಗ ಕೆಳಗಿನ ಸಂದು ಕಿರಿದಾಗಿ ನೀರು ಅದುಮಲ್ಪಡುತ್ತದೆ, ಅಂದರೆ ಚಂದ್ರನ ಕೆಳಗೆ ಇಳಿತ. ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ ಪುಸ್ತಕದಲ್ಲಿ ಹೇಳಿದ್ದು ತಿರುವುಮುರುವು: ಚಂದ್ರ ತನ್ನ ಕಡೆಯ ನೀರನ್ನು ಭೂಮಿಯ ಕೇಂದ್ರಕ್ಕಿಂತ ಹೆಚ್ಚು, ಕೇಂದ್ರವನ್ನು ಆಚೆ ಬದಿಯ ನೀರಿಗಿಂತ ಹೆಚ್ಚು ಎಳೆಯುತ್ತಾನೆ, ಎರಡೂ ಬದಿ ಉಬ್ಬುತ್ತದೆ, ಭೂಮಿ ತಿರುಗುವಾಗ ನಾವು ಎರಡನ್ನೂ ಹಾದುಹೋಗುತ್ತೇವೆ, ಚಂದ್ರನೂ ಅಷ್ಟರಲ್ಲಿ ಮುಂದೆ ಸರಿದಿರುವುದರಿಂದ ಉಬ್ಬರದಿಂದ ಉಬ್ಬರಕ್ಕೆ 12 ಗಂಟೆ 25 ನಿಮಿಷ. ಚಂದ್ರ ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಸರಿದಾಗ ಎರಡು ಉಬ್ಬುಗಳು ನಮಗೆ ಸಮನಾಗಿ ಸಿಗುವುದಿಲ್ಲ. ದಕ್ಕೆಯವರು ಹೇಳುವ ದೊಡ್ಡ-ಸಣ್ಣ ಉಬ್ಬರ ಅದೇ.

ಎಳೆತ ಹೇಗೆ ತಲುಪುತ್ತದೆ? ಉತ್ತರ ನ್ಯೂಟನ್ನನ ಬಳಿ ಇರಲಿಲ್ಲ. ನಡುವೆ ಏನೂ ಇಲ್ಲದೆ ದೂರದ ವಸ್ತು ಎಳೆಯುವುದು ಅಸಂಬದ್ಧ ಎಂದು 1693ರ ಒಂದು ಪತ್ರದಲ್ಲಿ ಅವನೇ ಬರೆದ. ‘ಪ್ರಿನ್ಸಿಪಿಯಾ’ದ 1713ರ ಎರಡನೇ ಆವೃತ್ತಿಯಲ್ಲಿ, ಊಹೆ ಕಟ್ಟುವ ಕೆಲಸ ತನ್ನದಲ್ಲ, ನಿಯಮ ಸಿಕ್ಕಿದೆ, ಲೆಕ್ಕ ಹೊಂದುತ್ತದೆ, ಸಾಕು ಎಂಬರ್ಥದ ಮಾತು ಸೇರಿಸಿದ. ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ ಇದನ್ನು ಪವಾಡಕ್ಕೆ ಬಾಗಿಲು ತೆರೆದಂತೆ ಎಂದು ಹೀಯಾಳಿಸಿದ. ‘ಕಾರಣ ಗೊತ್ತಿಲ್ಲದಿದ್ದರೂ ನಿಯಮ ಸಾಕು’ ಎಂಬುದು ಯಾವ ದೂರದರ್ಶಕದಲ್ಲೂ ಕಾಣಿಸಿದ್ದಲ್ಲ, ಅದು ಅಪ್ಪಟ ತಾತ್ವಿಕ ನಿಲುವು. ಯುರೋಪ್ ಅದನ್ನು ನುಂಗಲು ಎರಡು ತಲೆಮಾರು ತೆಗೆದುಕೊಂಡಿತು. 1740ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಉಬ್ಬರದ ಬಗ್ಗೆ ಬಹುಮಾನ ಕೊಟ್ಟಾಗ ಗಣಿತಜ್ಞರಾದ ಬರ್ನೂಲಿ, ಆಯ್ಲರ್, ಮೆಕ್ಲಾರಿನ್ ಜೊತೆಗೆ ಪಾಲು ಪಡೆದ ನಾಲ್ಕನೆಯವನು ದೇಕಾರ್ತನ ಸುಳಿಗಳನ್ನೇ ನಂಬಿದ್ದ ಒಬ್ಬ ಜೆಸ್ವಿಟ್ ಪಾದ್ರಿ!

ಉಡುಪಿಯ ರಥಬೀದಿಯಲ್ಲಿ ಈ ಚರ್ಚೆಗೆ ಶಬ್ದ ಸಾಲ ತರಬೇಕಾಗಿಲ್ಲ. ಮಧ್ವರು ಒಪ್ಪಿದ್ದು ಪ್ರತ್ಯಕ್ಷ, ಅನುಮಾನ (ಸಂಶಯ ಅಲ್ಲ, ತರ್ಕದಿಂದ ತಿಳಿಯುವುದು), ಆಗಮ ಎಂಬ ಮೂರು ಪ್ರಮಾಣ, ಅಂದರೆ ಅರಿವಿನ ದಾರಿ. ತರ್ಕದ ಪಾಠ ಆರಂಭವಾಗುವುದೇ ಹೊಗೆ ಬೆಂಕಿಯಿಂದ. ಹೊಗೆ ಇದ್ದಲ್ಲಿ ಬೆಂಕಿ, ಸರಿ. ಬೆಂಕಿ ಇದ್ದಲ್ಲಿ ಹೊಗೆ ಎಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡು ಅಡ್ಡ ಬರುತ್ತದೆ. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಲು ಕಟ್ಟಿಗೆ ಒದ್ದೆ ಇರಬೇಕು. ಹೇಳದೆ ಒಳಗೆ ಸೇರಿಕೊಂಡ ಆ ಷರತ್ತೇ ಉಪಾಧಿ. ಈ ಒಂದು ಪದ ಕೈಯಲ್ಲಿದ್ದರೆ ಉಬ್ಬರದ ವಿಷಯದಲ್ಲಿ ನ್ಯೂಟನ್ ಮಾಡಿದ ಅತಿ ದೊಡ್ಡ ತಪ್ಪು ಒಂದೇ ಏಟಿಗೆ ಅರ್ಥವಾಗುತ್ತದೆ. ಉಬ್ಬರ ಎಬ್ಬಿಸುವಲ್ಲಿ ಚಂದ್ರನ ಬಲ ಸೂರ್ಯನದರ ಎಷ್ಟು ಪಟ್ಟು ಎಂದು ತಿಳಿಯಲು ಅವನು ಬ್ರಿಸ್ಟಲ್ ಬಳಿ ಏವನ್ ನದಿಯ ಬಾಯಿಯ ಅಳತೆ ತೆಗೆದುಕೊಂಡ: ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಉಬ್ಬರ 45 ಅಡಿ, ಅಷ್ಟಮಿಯ ಆಸುಪಾಸಿನ ಸಣ್ಣದು 25 ಅಡಿ. ತಿದ್ದುಪಡಿಗಳೆಲ್ಲ ಮುಗಿದು ಬಂದ ಉತ್ತರ ಸುಮಾರು 4.48 ಪಟ್ಟು. ನಿಜವಾದದ್ದು 2.2ರ ಹತ್ತಿರ. ಅದರ ಬಾಲ ಹಿಡಿದು ಚಂದ್ರನ ತೂಕ ಭೂಮಿಯ ನಲವತ್ತನೇ ಒಂದು ಪಾಲು ಎಂದಾಯಿತು. ಇರುವುದು ಎಂಬತ್ತೊಂದನೇ ಒಂದು. ಆ ಅಳಿವೆ ಆಲಿಕೆಯಂತೆ ಒಳಗೊಳಗೆ ಕಿರಿದಾಗುತ್ತ ಹೋಗಿ ನೀರನ್ನು ತನ್ನದೇ ಲೆಕ್ಕದಲ್ಲಿ ಎತ್ತುತ್ತದೆ, ಅಲ್ಲಿನ ಏರಿಳಿತ ತೆರೆದ ಕಡಲಿನದಲ್ಲ. ಅಳಿವೆಯ ಆಕಾರವೇ ಅಲ್ಲಿನ ಒದ್ದೆ ಕಟ್ಟಿಗೆ.

ಹಾಗಂತ ನಮ್ಮವರು ಎಲ್ಲ ಮೊದಲೇ ಹೇಳಿಬಿಟ್ಟಿದ್ದರು ಎಂದು ಶಂಖ ಊದಲು ಹೊರಡಬೇಡಿ ಮಾರಾಯ್ರೆ. ಉಪಾಧಿಯ ವಿಚಾರ ನಮ್ಮಲ್ಲಿ ಹರಿತವಾಗಿತ್ತು, ಅದನ್ನು ಕಡಲಿನ ಅಳತೆಗೆ ಹಚ್ಚಿದವರು ಕಾಣುವುದಿಲ್ಲ. ಆಕಾಶಕ್ಕೆ ಹಚ್ಚಿದವರು ಮಾತ್ರ ಇದ್ದರು, ಅದೂ ಮಂಗಳೂರಿನಿಂದ ರೈಲು ಹತ್ತಿದರೆ ಅದೇ ದಿನ ತಲುಪುವ ಕೇರಳದ ತಿರೂರಿನ ಪಕ್ಕದಲ್ಲಿ. ಪರಮೇಶ್ವರ ಎಂಬ ಗಣಿತಜ್ಞ ಐವತ್ತೈದು ವರ್ಷ ಗ್ರಹಣಗಳನ್ನು ಗಮನಿಸಿ 1431ರಲ್ಲಿ ದೃಗ್ಗಣಿತ ಎಂಬ ಗ್ರಹಗಣಿತದ ಗ್ರಂಥ ರಚಿಸಿದ. ಅವನ ಪರಂಪರೆಯ ನೀಲಕಂಠ ಸೋಮಯಾಜಿ 1504ರ ಜ್ಯೋತಿರ್ಮೀಮಾಂಸೆಯಲ್ಲಿ, ಗಣಿತದ ಅಂಕಿಗಳು ದೇವರ ವರದಿಂದ ನೇರವಾಗಿ ಇಳಿದು ಬಂದವಲ್ಲ, ನೋಡಿ, ಊಹಿಸಿ, ತಪ್ಪಿದಾಗ ತಿದ್ದಬೇಕು ಎಂದು ವಾದಿಸಿದ. ಹೆಸರಿನಲ್ಲೇ ಮೀಮಾಂಸೆ ಇದೆ. ಅದನ್ನು ಬರೆದವನು ದರ್ಶನಗಳನ್ನು ಕ್ರಮವಾಗಿ ಓದಿದವನು, ಗ್ರಹಗಣಿತದ ತಿದ್ದುಪಡಿಗೆ ಅಗತ್ಯವಿದ್ದ ಧೈರ್ಯ ಅವನಿಗೆ ಪ್ರಮಾಣಶಾಸ್ತ್ರದಿಂದ ಸಿಕ್ಕಿತು.

ಎದುರು ದಿಕ್ಕಿನ ಉದಾಹರಣೆಯೂ ಇದೆ. ಜರ್ಮನ್ ತತ್ವಜ್ಞಾನಿ ಕಾಂಟ್ ಎಂದರೆ ಎಲ್ಲರಿಗೂ ನೆನಪಾಗುವುದು ಓದಲಾಗದ ದಪ್ಪ ಪುಸ್ತಕಗಳು. ಅವು ಬರುವುದಕ್ಕೆ ಬಹಳ ಮೊದಲೇ, 1754ರಲ್ಲಿ, ಅವನು ಊರಿನ ವಾರಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದ: ಉಬ್ಬರದ ನೀರು ತಳಕ್ಕೆ ಉಜ್ಜುತ್ತ ಭೂಮಿಯ ತಿರುಗುವಿಕೆಯನ್ನು ನಿಧಾನಗೊಳಿಸುತ್ತಿರಬೇಕು ಎಂದು. ಖಗೋಳವಿಜ್ಞಾನಿಗಳು ಇದನ್ನು ಗಂಭೀರವಾಗಿ ಎತ್ತಿಕೊಳ್ಳಲು ಇನ್ನೊಂದು ಶತಮಾನವೇ ಬೇಕಾಯಿತು. ಬ್ಯಾಬಿಲೋನಿನ, ಚೀನದ ಹಳೆಯ ಗ್ರಹಣದ ದಾಖಲೆಗಳಿಂದ ಈಗ ಸಿಗುವ ಲೆಕ್ಕ, ದಿನದ ಉದ್ದ ಶತಮಾನಕ್ಕೆ ಎರಡು ಮಿಲಿಸೆಕೆಂಡಿಗಿಂತ ತುಸು ಕಡಿಮೆ ಪ್ರಮಾಣದಲ್ಲಿ ಹೆಚ್ಚುತ್ತಿದೆ. ಅದೇ ಉಜ್ಜುವಿಕೆಯ ಫಲವಾಗಿ ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ, 1969ರಿಂದ ಅಲ್ಲಿಟ್ಟ ಕನ್ನಡಿಗಳಿಗೆ ಲೇಸರ್ ಬಿಟ್ಟು ಅಳೆದದ್ದು.

‘ಸೈಂಟಿಸ್ಟ್’ ಎಂಬ ಪದವೇ ಉಬ್ಬರ ಅಳೆಯುತ್ತಿದ್ದವನ ಬಾಯಿಂದ ಬಂದದ್ದು. 1833ರವರೆಗೆ ಅವರೆಲ್ಲ ನಿಸರ್ಗ ತತ್ವಜ್ಞಾನಿಗಳು. ಆ ವರ್ಷ ಕೇಂಬ್ರಿಡ್ಜಿನ ಒಂದು ಸಭೆಯಲ್ಲಿ ಕೋಲರಿಜ್ ಕವಿ, ಕೈ ಕೊಳೆ ಮಾಡಿಕೊಂಡು ಪ್ರಯೋಗ ಮಾಡುವವರಿಗೆ ತತ್ವಜ್ಞಾನಿ ಎಂಬ ಹೆಸರು ಸಲ್ಲದು ಎಂದು ತಕರಾರು ತೆಗೆದಾಗ ವ್ಹೀವೆಲ್ ‘ಆರ್ಟಿಸ್ಟ್’ ಮಾದರಿಯಲ್ಲಿ ಈ ಪದ ಹೊಸೆದ. 1835ರ ಜೂನಿನಲ್ಲಿ ಒಂಬತ್ತು ದೇಶಗಳ 600ಕ್ಕೂ ಹೆಚ್ಚು ಕಡೆ ಏಕಕಾಲಕ್ಕೆ ಉಬ್ಬರ ಅಳೆಸಿದವನೂ ಅವನೇ. ಅಂಕಿಗಳನ್ನು ರಾಶಿ ಹಾಕಿದರೆ ನಿಯಮ ತಾನಾಗಿ ಮೇಲೆ ಬರುವುದಿಲ್ಲ, ನೋಡುವವನು ಒಂದು ಕಲ್ಪನೆಯ ದಾರ ತರಬೇಕು ಎಂಬುದು ಅವನ ವಾದ. ತತ್ವಜ್ಞಾನಿ ಮಿಲ್ ಒಪ್ಪಲಿಲ್ಲ, ಕಲ್ಪನೆ ಅಂಕಿಗಳಲ್ಲೇ ಇದೆ ಎಂದ. ಇಲ್ಲಿ ನಾನು ವ್ಹೀವೆಲ್ ಪಕ್ಷ. ಒಂದೇ ಹೊತ್ತಿಗೆ ಉಬ್ಬರ ಬರುವ ಜಾಗಗಳನ್ನು ಗೆರೆಯಿಂದ ಸೇರಿಸುತ್ತ ಹೋದಾಗ ಉತ್ತರ ಸಮುದ್ರದ ನಡುವೆ ಗೆರೆಗಳೆಲ್ಲ ಒಂದು ಬಿಂದುವಿನ ಸುತ್ತ ತಿರುಗಿದವು. ಹಾಗಾದರೆ ಅಲ್ಲಿ ಏರಿಳಿತವೇ ಇರಬಾರದು ಎಂದು 1836ರಲ್ಲಿ ಬರೆದ. ಅಲ್ಲಿಂದ ಒಂದೇ ಒಂದು ಅಳತೆ ಬಂದಿರಲಿಲ್ಲ. 1840ರಲ್ಲಿ ಕ್ಯಾಪ್ಟನ್ ಹ್ಯೂವೆಟ್ ಹಡಗು ಒಯ್ದು ಆಳ ಅಳೆದಾಗ ನೀರಿನ ಮಟ್ಟ ಹೆಚ್ಚುಕಡಿಮೆ ಕದಲಲಿಲ್ಲ.

ಆಮೇಲಿನದು ಯಂತ್ರದ ಕಥೆ. ಕೆಲ್ವಿನ್ 1872ರ ಹೊತ್ತಿಗೆ ರಾಟೆ, ಹಲ್ಲಿನ ಚಕ್ರಗಳಿಂದ ಉಬ್ಬರ ಮುನ್ನುಡಿಯುವ ಯಂತ್ರ ಕಟ್ಟಿದ. 1879ರಲ್ಲಿ ಭಾರತದ ಬಂದರುಗಳಿಗಾಗಿಯೇ ಲಂಡನ್ನಿನಲ್ಲಿ ಅಂಥದ್ದೊಂದು ತಯಾರಾಯಿತು.

ಇದನ್ನೆಲ್ಲ ಓದಿ ಕೈ ಕಟ್ಟಿ ಕೂರುವ ಬದಲು ಅಳೆದು ನೋಡುವವರಿಗೆ ಒಂದೆರಡು ಮಾತು. ಡಿಸೆಂಬರ್-ಫೆಬ್ರುವರಿ ಒಳ್ಳೆಯದು, ಮಳೆಗಾಲದಲ್ಲಿ ನೇತ್ರಾವತಿ, ಸ್ವರ್ಣೆಯ ನೆರೆನೀರು ಎಲ್ಲ ಲೆಕ್ಕ ಕೆಡಿಸುತ್ತದೆ. ಬೀಚಿನಲ್ಲಿ ಬೇಡ, ಅಲೆ ಬಿಡುವುದಿಲ್ಲ. ಅಳಿವೆಯ ಒಳಗಿನ ಯಾವುದಾದರೂ ದಕ್ಕೆಯ ಕಂಬ ಸಾಕು, ಅಲ್ಲಿನವರನ್ನು ಒಂದು ಮಾತು ಕೇಳಿ. 50 ಮಿ.ಮೀ. ಅಗಲದ, ಮೂರು ಮೀಟರ್ ಉದ್ದದ ಪಿವಿಸಿ ಪೈಪಿನ ತಳ ಮುಚ್ಚಿ ಅಲ್ಲಿ 5 ಮಿ.ಮೀ. ತೂತು ಕೊರೆದು ಕಂಬಕ್ಕೆ ಕಟ್ಟಿ. ಒಳಗೆ ಥರ್ಮಾಕೋಲ್ ತುಂಡಿನ ಮೇಲೆ ಗುರುತು ಹಾಕಿದ ತೆಳು ಕಡ್ಡಿ. ತೂತು ಸಣ್ಣದಾದ್ದರಿಂದ ಅಲೆಯ ಕುಣಿತ ಒಳಗೆ ಬಾರದು, ಉಬ್ಬರ ಬರುತ್ತದೆ. ವಾರದಲ್ಲಿ ತೂತಿಗೆ ಕೆಸರು, ಚಿಪ್ಪು ಕಟ್ಟಿಕೊಂಡು ಅಳತೆ ಮೆಲ್ಲಗೆ ಹಿಂದೆ ಬೀಳುತ್ತದೆ, ತಂತಿ ಹಾಕಿ ಬಿಡಿಸುತ್ತಿರಬೇಕು.

ಚಂದ್ರ ನೆತ್ತಿ ದಾಟುವ ಹೊತ್ತಿಗೆ ಗೋಡೆಯ ಪಂಚಾಂಗವೇ ಸಾಕು. ಅಮಾವಾಸ್ಯೆಗೆ ಚಂದ್ರ ಸೂರ್ಯನ ಜೊತೆಗೇ ದಾಟುತ್ತಾನೆ, ಆಮೇಲೆ ಕಳೆದ ಪ್ರತಿ ತಿಥಿಗೆ 48 ನಿಮಿಷ ಕೂಡಿಸಿ. ಶುಕ್ಲ ಅಷ್ಟಮಿಯ ನಡುವಿಗೆ ಆರು ಗಂಟೆ. ಕೂಡಿಸುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 74.8ರ ಹತ್ತಿರ, ಸೂರ್ಯ ಇಲ್ಲಿ ನೆತ್ತಿಗೆ ಬರುವುದೇ ಸರಾಸರಿ ಹನ್ನೆರಡೂವರೆಗೆ. ಹೀಗೆ ಸಿಕ್ಕ, ಚಂದ್ರ ನೆತ್ತಿ ದಾಟುವ ಹೊತ್ತಿಗೂ ಉಬ್ಬರಕ್ಕೂ ನಡುವಿನ ಅಂತರ ಹದಿನೈದು ದಿನ ಬರೆದಿಟ್ಟರೆ ನಿಮ್ಮ ದಕ್ಕೆಯ ಸ್ವಂತ ಅಂಕಿ ಸಿಗುತ್ತದೆ.

ಕಷ್ಟ ಇರುವುದು ಉಬ್ಬರದ ‘ಹೊತ್ತು’ ಯಾವುದು ಎನ್ನುವುದರಲ್ಲಿ. ತುದಿಯಲ್ಲಿ ನೀರು ಅರ್ಧ ಗಂಟೆ ನಿಂತಂತೆ ಇರುತ್ತದೆ. ಏರುವಾಗ ಒಂದು ಗುರುತು ಮುಟ್ಟಿದ ಸಮಯ, ಇಳಿಯುವಾಗ ಅದೇ ಗುರುತು ಮುಟ್ಟಿದ ಸಮಯ, ಎರಡರ ನಡುವಿನದು ಉಬ್ಬರದ ಹೊತ್ತು ಎಂದು ತೆಗೆದುಕೊಳ್ಳುವುದು ವಾಡಿಕೆ. ಅದರಲ್ಲಿ ಏರುವ ಇಳಿಯುವ ವೇಗ ಒಂದೇ ಎಂದು ಒಪ್ಪಿಕೊಂಡಂತಾಯಿತು. ಅಳಿವೆಯೊಳಗೆ ಸಾಮಾನ್ಯವಾಗಿ ಏರಿಕೆ ಬೇಗ, ಇಳಿತ ನಿಧಾನ. ಆದ್ದರಿಂದ ತುದಿಗಿಂತ ಮೂವತ್ತು ಸೆಂ.ಮೀ. ಕೆಳಗಿನ ಗುರುತು ಹಿಡಿದರೆ ಉತ್ತರ ತಡವಾದ ಕಡೆಗೆ ವಾಲುತ್ತದೆ; ಐದು ಸೆಂ.ಮೀ. ಕೆಳಗಿನದನ್ನು ಹಿಡಿಯಿರಿ.