ಸತ್ಯಾಂಶ: ಮಲೇಷ್ಯಾ ಸೇರಲು ಸಬಾ, ಸರವಾಕ್ ಜನ ಮತ ಹಾಕಿದ್ದರೇ?

‘1962ರ ಜನಮತಗಣನೆಯಲ್ಲಿ ಮೂರನೇ ಎರಡರಷ್ಟು ಮತ ಬಿದ್ದು ಬ್ರಿಟಿಷ್ ವಸಾಹತುಗಳಾದ ಸರವಾಕ್, ಉತ್ತರ ಬೋರ್ನಿಯೊ (ಇಂದಿನ ಸಬಾ) ಮಲೇಷ್ಯಾ ಸೇರಿದವು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸುಳ್ಳು. ಅಲ್ಲಿ ಜನಮತಗಣನೆಯೇ ನಡೆದಿರಲಿಲ್ಲ.

ನಡೆದದ್ದು ಜನರ ಅಭಿಪ್ರಾಯ ತಿಳಿಯುವ ವಿಚಾರಣೆ. ಬ್ರಿಟನ್, ಮಲಯ ಸರ್ಕಾರಗಳು ನೇಮಿಸಿದ್ದ ಐವರು ಸದಸ್ಯರ ಕಾಬೋಲ್ಡ್ ಆಯೋಗ 35 ಊರುಗಳಲ್ಲಿ 50 ಸಭೆ ನಡೆಸಿ, 4,000ಕ್ಕೂ ಹೆಚ್ಚು ಜನರ ಮಾತು ಕೇಳಿತು. ಸುಮಾರು 2,200 ಪತ್ರ, ಮನವಿಗಳನ್ನು ಪರಿಶೀಲಿಸಿತು. ಅದು ಕೊಟ್ಟದ್ದು ಎಣಿಕೆಯಲ್ಲ, ಅಂದಾಜು: ಮೂರನೇ ಒಂದರಷ್ಟು ಜನ ಷರತ್ತುಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳದೆ ಬೆಂಬಲಿಸಿದರು. ಇನ್ನೂ ಮೂರನೇ ಒಂದರಷ್ಟು ಜನರಲ್ಲಿ ಅನೇಕರು ಬೆಂಬಲಿಸಿದರೂ, ಷರತ್ತುಗಳನ್ನೂ ತಮ್ಮ ಹಿತಕ್ಕೆ ರಕ್ಷಣೆಗಳನ್ನೂ ಕೇಳಿದರು. ಉಳಿದವರಲ್ಲಿ ಕೆಲವರಿಗೆ ಮೊದಲು ಸ್ವಾತಂತ್ರ್ಯ ಬೇಕಿತ್ತು, ಕೆಲವರಿಗೆ ಬ್ರಿಟಿಷ್ ಆಡಳಿತವೇ ಮುಂದುವರಿಯಬೇಕಿತ್ತು.

ಮೊದಲೆರಡು ಭಾಗ ಕೂಡಿಸಿ ‘ಮತ’ ಎಂದಿರುವುದೇ ಎಡವಟ್ಟು. ಹಾಗೆ ಕೂಡಿಸಿದರೆ ಎರಡನೇ ಗುಂಪಿನ ಷರತ್ತುಗಳೇ ಮಾಯವಾಗುತ್ತವೆ. ಇದು ಆ ಜನರಿಗೆ ಮಾಡುವ ಅನ್ಯಾಯ.