ಹನ್ನೆರಡು ಇಪ್ಪತ್ತರ ವಿಮಾನ

ಟಿಕೆಟ್‌ನಲ್ಲಿ 15ನೇ ತಾರೀಖು, 00:20 ಎಂದು ಸ್ಪಷ್ಟವಾಗಿಯೇ ಇತ್ತು. ಹದಿನೈದರ ರಾತ್ರಿ ಊಟ ಮುಗಿಸಿ ಆರಾಮವಾಗಿ ಹೊರಟರಾಯಿತು ಎಂದು ಆರು ವಾರದಿಂದ ನಿಶ್ಚಿಂತೆಯಾಗಿದ್ದೆ.

"ರೀ, ಹದಿನೈದರ 00:20 ಅಂದ್ರೆ ಹದಿನಾಲ್ಕರ ರಾತ್ರಿ ಹನ್ನೆರಡು ದಾಟಿ ಇಪ್ಪತ್ತು ನಿಮಿಷಕ್ಕೆ ಅಲ್ವಾ?" ಎಂದು ಹೆಂಡತಿ ಕೇಳಿದ್ದು ಹದಿಮೂರರ ಸಂಜೆ.

ಹದಿನಾಲ್ಕರ ರಾತ್ರಿ ನನಗೆ ಆಫೀಸಿನಲ್ಲಿ ತಪ್ಪಿಸಲಾಗದ ಕೆಲಸ. ಒಂದು ದಿನ ಮುಂದಕ್ಕೆ ಹಾಕಿದರಾಯಿತು, ಅದೇನು ಮಹಾ ಎಂದು ವೆಬ್‌ಸೈಟ್ ತೆರೆದೆ. ಬದಲಾವಣೆ ಶುಲ್ಕ ಕಾಣಿಸಿತು. ಹೋಗಲಿ, ದಡ್ಡತನಕ್ಕೆ ದಂಡ ಎಂದುಕೊಂಡೆ. ಆಮೇಲೆ ನೋಡಿದರೆ ಅದು ಒಬ್ಬರಿಗೆ. ಹೆಂಡತಿಗೆ ತಾರೀಖು ಸರಿಯಾಗಿ ಗೊತ್ತಿತ್ತು, ಆದರೂ ಅವಳ ಹೆಸರಿಗೂ ಅಷ್ಟೇ ದಂಡ.

ಅದರ ಕೆಳಗೆ 'ದರ ವ್ಯತ್ಯಾಸ' ಎಂದು ಇನ್ನೊಂದು ಸಾಲು. ಅದು ಶುಲ್ಕಕ್ಕಿಂತ ಜಾಸ್ತಿ! ಶುಲ್ಕ ಕಟ್ಟುವುದು ಬಾಗಿಲು ತೆಗೆಸುವುದಕ್ಕೆ ಮಾತ್ರ, ಒಳಗೆ ಹೋದ ಮೇಲೆ ಸೀಟಿಗೆ ಇವತ್ತಿನ ರೇಟು ಎಂದು ಆಗ ಗೊತ್ತಾಯಿತು. ಹೊಸ ಟಿಕೆಟ್ ಅಗ್ಗವಾಗಿದ್ದರೆ ಉಳಿದ ಹಣ ವಾಪಸ್ ಕೊಡುತ್ತಾರಾ? ನಿಯಮ ಓದಿದೆ. ನನ್ನ ಟಿಕೆಟ್‌ಗೆ ಇಲ್ಲ.

ನನ್ನ ಟಿಕೆಟ್‌ಗೆ ಯಾಕಿಲ್ಲ ಎಂದು ಕೇಳಲು ವಿಮಾನ ಕಂಪನಿಗೆ ಫೋನ್ ಮಾಡಿದೆ. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಹನ್ನೊಂದು ಸಲ ಹೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಸರ್, ನಿಮ್ಮದು ಬೇರೆ ಕ್ಲಾಸು."

"ಎಕಾನಮಿನೇ ಅಲ್ವೇನಮ್ಮ?"

"ಎಕಾನಮಿನೇ ಸರ್. ಆದ್ರೆ ಅಕ್ಷರ ಬೇರೆ."

ಈ ಅಕ್ಷರಗಳದ್ದೇ ಒಂದು ಲೋಕ. ಒಂದೇ ಎಕಾನಮಿಯೊಳಗೆ ಹತ್ತಾರು ದರ, ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. 'ವೈ' ಅಂದರೆ ಸಾಮಾನ್ಯವಾಗಿ ಪೂರ್ತಿ ದರ ಕೊಟ್ಟವರು. ಅವರಿಗೆ ಬದಲಾವಣೆ ಹೆಚ್ಚಾಗಿ ಸಲೀಸು. ನಾನು ಅಗ್ಗ ಸಿಕ್ಕಿತೆಂದು ಕುಣಿದಾಡಿಕೊಂಡು ಕೊಂಡ ಅಕ್ಷರಕ್ಕೆ ಅಂಥ ಯೋಗವಿಲ್ಲ. ಮುಂದಿನ ಸೀಟಿಗೆ ಮೊಣಕಾಲು ತಾಗುವುದು ಮಾತ್ರ ಇಬ್ಬರಿಗೂ ಒಂದೇ ಥರ.

ಸರಿ, ರದ್ದೇ ಮಾಡಿಬಿಡೋಣ ಎಂದೆ. ಮೂಲ ದರ ವಾಪಸ್ ಬರುವುದಿಲ್ಲ, ಬುಕಿಂಗ್ ಮಾಡುವಾಗ ಹಿಡಿದ ಸೇವಾ ಶುಲ್ಕವೂ ಇಲ್ಲ, ಟ್ಯಾಕ್ಸ್ ಬರುತ್ತದೆ ಎಂದಳು. ಟಿಕೆಟ್ ನೋಡಿದೆ. ಟ್ಯಾಕ್ಸ್ ಪಟ್ಟಿಯಲ್ಲಿ 'ವೈಕ್ಯೂ' ಎಂಬುದರ ಮುಂದೆ ಎಲ್ಲಕ್ಕಿಂತ ದೊಡ್ಡ ಮೊತ್ತ. ಹೋದ ಜೀವ ಬಂದ ಹಾಗಾಯಿತು.

"ಅದು ಟ್ಯಾಕ್ಸ್ ಅಲ್ಲ ಸರ್. ಇಂಧನದ ಸರ್‌ಚಾರ್ಜ್. ನಮ್ಮದೇ."

"ಮತ್ತೆ ಟ್ಯಾಕ್ಸ್ ಸಾಲಲ್ಲಿ ಯಾಕೆ ಕೂತಿದೆ?"

"ಅದು ಅಲ್ಲೇ ಕೂರೋದು ಸರ್."

ಉಳಿದದ್ದು ವಿಮಾನ ನಿಲ್ದಾಣದ ಚಿಲ್ಲರೆ ತೆರಿಗೆ. ಅದನ್ನು ವಾಪಸ್ ಪಡೆದು ಮಾಡುವುದೇನು?

ಕೊನೆಗೆ ನನ್ನ ತಲೆಗೆ ಒಂದು ಭಾರೀ ಉಪಾಯ ಹೊಳೆಯಿತು. ಹೋಗುವಾಗ ರೈಲಿನಲ್ಲಿ ಹೋಗುವುದು, ಬರುವಾಗ ಇದೇ ಟಿಕೆಟ್‌ನಲ್ಲಿ ಹಾರುವುದು. ಅದನ್ನೂ ಆಕೆ ತಡೆದಳು. ಹೋಗುವ ವಿಮಾನ ಹತ್ತದಿದ್ದರೆ 'ನೋ ಶೋ', ಬರುವ ಟಿಕೆಟ್ ತಾನಾಗಿಯೇ ರದ್ದು. ಬರೆದಿರುವ ಕ್ರಮದಲ್ಲೇ ಹಾರಬೇಕಂತೆ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ ಎಂದು ರಾತ್ರಿ ಪಂಕ್ತಿಯಿಂದಲೂ ಎಬ್ಬಿಸಿ ಕಳಿಸಿದ ಹಾಗಾಯಿತು.

ಅಮೆರಿಕದಲ್ಲಿ ಒಂದು ಕಾನೂನಿದೆ. ಪ್ರಯಾಣಕ್ಕೆ 7 ದಿನವಾದರೂ ಮೊದಲು ಬುಕ್ ಮಾಡಿದರೆ, ವಿಮಾನ ಕಂಪನಿ 24 ಗಂಟೆ ಹಣವಿಲ್ಲದೆ ಸೀಟು ಹಿಡಿದಿಡಬೇಕು, ಇಲ್ಲವೇ ಅಷ್ಟರೊಳಗೆ ರದ್ದು ಮಾಡಿದವರಿಗೆ ದಂಡವಿಲ್ಲದೆ ಹಣ ಹಿಂದಿರುಗಿಸಬೇಕು. ಒಳ್ಳೆಯ ಕಾನೂನೇ. ಆದರೆ ತಪ್ಪು ತಿಳಿಯಲು ಆರು ವಾರ ತಗೊಂಡವನಿಗೆ ಅದರಿಂದ ಏನು ಉಪಯೋಗ?

ಹಲ್ಲು ಕಚ್ಚಿಕೊಂಡು ಶುಲ್ಕ, ವ್ಯತ್ಯಾಸ ಎಲ್ಲ ಕಟ್ಟಿ ತಾರೀಖು ಬದಲಿಸಿದೆ. ಮಾರನೆಯ ದಿನ ಮಧ್ಯಾಹ್ನ ಸುಮ್ನೆ ಹಾಳು ಕುತೂಹಲಕ್ಕೆ ಹಳೇ ವಿಮಾನದ ಕಥೆ ಏನಾಯಿತು ಎಂದು ನೋಡಿದೆ. ಕೆಂಪಕ್ಷರದಲ್ಲಿ 'ರದ್ದು' ಎಂದಿತ್ತು. ಕಂಪನಿಯೇ ರದ್ದು ಮಾಡಿದ್ದರಿಂದ ಪ್ರಯಾಣಿಕರು ಶುಲ್ಕವಿಲ್ಲದೆ ಬೇರೆ ದಿನ ಹೋಗಬಹುದು, ಬೇಡವೆಂದರೆ ಪೂರ್ತಿ ಹಣ ವಾಪಸ್!

ಮತ್ತೆ ಫೋನ್. ಮತ್ತೆ ಅಮೂಲ್ಯ ಕರೆ. ಅದೇ ಹುಡುಗಿ.

"ಆದ್ರೆ ಸರ್, ಆ ವಿಮಾನದಲ್ಲಿ ನೀವಿಲ್ಲವಲ್ಲ."

"ನಿನ್ನೆ ಸಂಜೆ ತನಕ ಇದ್ದೆನಮ್ಮ."

"ಒಂದು ನಿಮಿಷ ಇರಿ ಸರ್" ಎಂದಳು. ಸಂಗೀತ ಶುರುವಾಯಿತು.